ಕೊಬ್ಬೇ ಇಲ್ಲದ ಗೋಡೆಯಲ್ಲಿ ಕೊಬ್ಬಿನ ಗಡ್ಡೆ

ಗರ್ಭಕೋಶದ ಗೋಡೆಯಲ್ಲಿ ಕೊಬ್ಬು ಇರುವುದಿಲ್ಲ. ಹೊಟ್ಟೆಯ ಚರ್ಮದ ಕೆಳಗೆ, ಸೊಂಟದ ಸುತ್ತ, ಕರುಳಿನ ಮೇಲೆ ಹೊದ್ದ ಪರದೆಯಲ್ಲಿ ಎಷ್ಟು ಕೊಬ್ಬು ತುಂಬಿಕೊಂಡಿದ್ದರೂ ಗರ್ಭಕೋಶದ ಗೋಡೆ ಮಾತ್ರ ಅಪ್ಪಟ ಸ್ನಾಯು. ಮಗುವನ್ನು ಹೊರಗೆ ತಳ್ಳುವ ಕೆಲಸಕ್ಕೆ ಬೇಕಾದ ಗಟ್ಟಿ ಸ್ನಾಯು, ಅದರ ನಡುವೆ ರಕ್ತನಾಳ, ಒಂದಿಷ್ಟು ನಾರು, ಅಷ್ಟೇ. ಮುಂಬಯಿಯ ಪರೇಲ್‌ನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಹಿಸ್ಟೋಪೆಥಾಲಜಿ ಟೆಕ್ನಿಷಿಯನ್, ಅಂದರೆ ದೇಹದಿಂದ ತೆಗೆದ ಭಾಗಗಳನ್ನು ಸೂಕ್ಷ್ಮದರ್ಶಕಕ್ಕೆ ಸಿದ್ಧಮಾಡುವವಳು ಆಗಿರುವ ನಾನು, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವ ತುಂಬಿದ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬರುವ ಗರ್ಭಕೋಶಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಸ್ನಾಯುಗಡ್ಡೆಗಾಗಿ ತೆಗೆದವು. ಡಾಕ್ಟರು ಗಡ್ಡೆಯನ್ನು ಕೊಯ್ದರೆ ಒಳಗೆ ಬೆಳ್ಳಗೆ, ನೂಲಿನ ಉಂಡೆಯನ್ನು ಅಡ್ಡ ಕತ್ತರಿಸಿದ ಹಾಗೆ ಸುಳಿ ಸುಳಿ. ಬೆರಳಿನಿಂದ ಒತ್ತಿದರೆ ರಬ್ಬರಿನ ಹಾಗೆ ಪುಟಿಯುತ್ತದೆ.

ಹಾಗಾಗಿ ಚಾಕು ಎಳೆದ ಕೂಡಲೇ ಒಳಗಿನಿಂದ ಹಳದಿ ಇಣುಕಿದರೆ ಮೇಜಿನ ಸುತ್ತ ಇದ್ದವರೆಲ್ಲ ಬಗ್ಗಿ ನೋಡುತ್ತಾರೆ. ಬೆಣ್ಣೆಯಂಥ ಹಳದಿ. ಚಾಕುವಿಗೆ ಜಿಡ್ಡು. ಒಂದು ಚೂರನ್ನು ಫಾರ್ಮಲಿನ್‌ಗೆ ಹಾಕಿದರೆ ಉಳಿದ ಚೂರುಗಳು ತಳ ಸೇರುವಾಗ ಇದು ತೇಲುತ್ತದೆ. ಸ್ನಾಯು ಮುಳುಗುತ್ತದೆ, ಕೊಬ್ಬು ತೇಲುತ್ತದೆ. ಅಡುಗೆಮನೆಯಲ್ಲಿ ದಿನಾ ನೋಡುವ ಸಂಗತಿಯೇ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ತೇಲಿದ್ದನ್ನು ಬೆರಳೆಣಿಕೆಯಷ್ಟು ಸಲ ಕಂಡಿದ್ದೇನೆ.

ಈ ಗಡ್ಡೆಯ ಹೆಸರು ಲೈಪೋಲಿಯೋಮಯೋಮಾ. ಹೆಸರು ಬಾಯಿಗೆ ಸುಲಭವಾಗಿ ಹತ್ತುವುದಿಲ್ಲ, ಆದರೆ ಬಿಡಿಸಿದರೆ ಅದರಲ್ಲೇ ಎಲ್ಲ ಇದೆ. ಗ್ರೀಕ್ ಭಾಷೆಯ ಲಿಪೋಸ್ ಎಂದರೆ ಕೊಬ್ಬು, ಲಿಯೋಸ್ ಎಂದರೆ ನುಣುಪು, ಮಿಸ್ ಎಂದರೆ ಸ್ನಾಯು, ಕೊನೆಯ ಓಮಾ ಎಂದರೆ ಊತ ಅಥವಾ ಗಡ್ಡೆ. ನುಣುಪು ಸ್ನಾಯು ಮತ್ತು ಕೊಬ್ಬು ಕಲೆತ ಗಡ್ಡೆ. ಹೆಚ್ಚಿನವರಿಗೆ ಕೇಳಿ ಗೊತ್ತಿರುವ ಓಮಾ ಎಂದರೆ ಕಾರ್ಸಿನೋಮಾ ಒಂದೇ; ಹಾಗಾಗಿ ಓಮಾ ಎಂದು ಮುಗಿಯುವ ಹೆಸರು ಕಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ಪೆಟ್ಟು ಬಿದ್ದ ಕಡೆ ರಕ್ತ ಹೆಪ್ಪುಗಟ್ಟಿ ಊದಿಕೊಂಡರೂ ಅದು ಹೆಮಟೋಮಾ. ಓಮಾ ಎನ್ನುವುದು ಗಡ್ಡೆ ಇದೆ ಎಂದು ಹೇಳುತ್ತದೆ, ಅದು ಕೆಟ್ಟದ್ದೋ ಅಲ್ಲವೋ ಎಂದು ಹೇಳುವುದಿಲ್ಲ. ಇದು ಕೆಟ್ಟ ಗಡ್ಡೆ ಅಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ಡೊಂಬಿವಲಿಯ ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಅಕ್ಕನಿಂದಾಗಿ. ಕುಂದಾಪುರದ ಕಡೆಯವರು, ಅರವತ್ತೊಂದು ವರ್ಷ, ಮುಟ್ಟು ನಿಂತು ಹನ್ನೊಂದು ವರ್ಷ ಆಗಿದೆ. ಒಂದು ರಾತ್ರಿ ಊಟದ ಹೊತ್ತಿಗೆ ಸೋನೋಗ್ರಾಫಿಯ ಲಕೋಟೆ ಹಿಡಿದು ಬಂದರು. ಜೊತೆಗೆ ಮಗ. ಅವನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮೊಬೈಲ್‌ನಲ್ಲಿ ಏನೇನೋ ಓದಿಕೊಂಡು ಬಂದಿದ್ದ, ಮುಖ ಬಿಳಿಚಿಕೊಂಡಿತ್ತು. “ನೋಡು ಮಾರಾಯ್ತಿ, ಇದು ಎಂತದು? ಕ್ಯಾನ್ಸರಾ? ಇದ್ದದ್ದು ಇದ್ದ ಹಾಗೆ ಹೇಳು,” ಎಂದರು ಅಕ್ಕ.

ವರದಿಯ ಕೊನೆಯಲ್ಲಿ ಮೂರು ಹೆಸರುಗಳಿದ್ದವು, ಮೂರರ ಹಿಂದೆಯೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ. ಅಂಡಾಶಯದ ಡರ್ಮಾಯ್ಡ್? ಹಳತಾಗಿ ಬದಲಾದ ಫೈಬ್ರಾಯ್ಡ್? ಲೈಪೋಲಿಯೋಮಯೋಮಾ? ಕೆಳಗೆ ಎಂಆರ್‌ಐ ಮಾಡಿಸಿ ಎಂಬ ಸಲಹೆ. ನಾನು ಮೊದಲು ಹೇಳಿದ್ದು ಆ ಪ್ರಶ್ನೆಗುರುತಿನ ಬಗ್ಗೆ. ರೇಡಿಯಾಲಜಿ ವರದಿಯಲ್ಲಿ ಹೆಸರಿನ ಪಕ್ಕ ಪ್ರಶ್ನೆಗುರುತು ಇದ್ದರೆ ರೋಗ ಇದೇ ಎಂದು ತೀರ್ಮಾನಿಸಿದ ಹಾಗಲ್ಲ. ಚಿತ್ರದಲ್ಲಿ ಕಂಡದ್ದು ಈ ಮೂರರಲ್ಲಿ ಒಂದಾಗಿರಬಹುದು, ಮುಂದಿನ ಪರೀಕ್ಷೆ ಅದನ್ನು ಬಿಡಿಸಲಿ ಎಂದರ್ಥ. ಆ ಚಿಹ್ನೆಯನ್ನು ಯಾರೂ ವಿವರಿಸದೆ ಲಕೋಟೆ ಕೈಗೆ ಕೊಟ್ಟು ಕಳಿಸುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಎರಡು ನಿಮಿಷದ ಮಾತು ಅದು.

ಮೊದಲು ಈ ಗಡ್ಡೆ ಎಷ್ಟು ಅಪರೂಪ ಎಂಬುದನ್ನು ನೋಡೋಣ. ಫೈಬ್ರಾಯ್ಡ್, ಅಂದರೆ ನಮ್ಮಲ್ಲಿ ದುರ್ಮಾಂಸ ಎಂದೂ ನಾರುಗಡ್ಡೆ ಎಂದೂ ಕರೆಯುವ ಸ್ನಾಯುಗಡ್ಡೆ, ಬಹಳ ಸಾಮಾನ್ಯ. ಐವತ್ತು ದಾಟಿದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಚಿಕ್ಕದೋ ದೊಡ್ಡದೋ ಒಂದು ಇರುತ್ತದೆ, ಹಲವರಿಗೆ ಗೊತ್ತೇ ಇರುವುದಿಲ್ಲ. ಅದರ ಎದುರು ಲೈಪೋಲಿಯೋಮಯೋಮಾ ಕಾಣಿಸಿಕೊಳ್ಳುವ ಪ್ರಮಾಣ ಶೇಕಡಾ 0.03ರಿಂದ 0.2 ಎಂದು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ಹತ್ತು ಸಾವಿರಕ್ಕೆ ಮೂರರಿಂದ ಇಪ್ಪತ್ತು. ಸ್ನಾಯು ಹೆಚ್ಚುಕಡಿಮೆ ಇಲ್ಲದೆ ಬರೀ ಕೊಬ್ಬೇ ಇರುವ ಶುದ್ಧ ಲೈಪೋಮಾ ಇದಕ್ಕಿಂತಲೂ ಅಪರೂಪ. ಸ್ಟ್ರಾಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಲೋಬ್‌ಸ್ಟೈನ್ 1816ರಲ್ಲಿ ಗರ್ಭಕೋಶದ ಕೊಬ್ಬಿನ ಗಡ್ಡೆಯನ್ನು ಮೊದಲು ವಿವರಿಸಿದ ಎನ್ನುತ್ತಾರೆ. ಅಂದರೆ ಇದು ಈಗಿನ ಊಟದಿಂದಲೋ ಈಗಿನ ಜೀವನಶೈಲಿಯಿಂದಲೋ ಹೊಸದಾಗಿ ಹುಟ್ಟಿದ ಕಾಯಿಲೆ ಅಲ್ಲ.

ಅಕ್ಕನ ಮಗನ ಮೊದಲ ಪ್ರಶ್ನೆ ಊಟದ್ದೇ ಆಗಿತ್ತು. ಎಣ್ಣೆ, ತುಪ್ಪ, ತೆಂಗಿನಕಾಯಿ ತಿಂದದ್ದು ಹೋಗಿ ಅಲ್ಲಿ ಕೂತಿತೇ? ಇಲ್ಲ. ತಿಂದ ಕೊಬ್ಬು ಹೆಚ್ಚಾಗಿ ಶೇಖರವಾಗುವುದು ಕೊಬ್ಬಿನ ಜೀವಕೋಶ ಮೊದಲೇ ಇರುವ ಕಡೆ. ಗರ್ಭಕೋಶದ ಗೋಡೆಯಲ್ಲಿ ಅದು ಇಲ್ಲ ಎಂದು ಆಗಲೇ ಹೇಳಿದೆನಲ್ಲ. ಹಾಗಾದರೆ ಎಲ್ಲಿಂದ ಬಂತು? ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು: ಫೈಬ್ರಾಯ್ಡ್‌ನೊಳಗಿನ ಸ್ನಾಯುವಿನ ಜೀವಕೋಶಗಳು, ಇಲ್ಲವೇ ಅವುಗಳ ನಡುವೆ ಇನ್ನೂ ಬಲಿಯದೆ ಉಳಿದ ಮೂಲಕೋಶಗಳು, ತಮ್ಮ ಜಾತಿ ಬದಲಾಯಿಸಿ ಕೊಬ್ಬಿನ ಜೀವಕೋಶಗಳಾಗುತ್ತವೆ. ಇದಕ್ಕೆ ಮೆಟಾಪ್ಲೇಸಿಯಾ ಎಂದು ಹೆಸರು. ಸ್ನಾಯು ಮತ್ತು ಕೊಬ್ಬು ನಮ್ಮ ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ ಭ್ರೂಣದ ಹಂತದಲ್ಲಿ ಒಂದೇ ಪದರದಿಂದ ಹುಟ್ಟಿದ ದಾಯಾದಿಗಳು. ಹನ್ನೆರಡನೇ ಕ್ರೋಮೋಸೋಮಿನ ಮೇಲೆ ಎಚ್‌ಎಮ್‌ಜಿಎ2 ಎಂಬ ಒಂದು ಜೀನ್ ಇದೆ. ತೋಳಿನಲ್ಲೋ ಬೆನ್ನಿನಲ್ಲೋ ಚರ್ಮದ ಕೆಳಗೆ ಮೆತ್ತಗೆ ಜಾರುವ ಸಾಮಾನ್ಯ ಕೊಬ್ಬಿನ ಗಂಟು ಇರುತ್ತದಲ್ಲ, ಅಂಥವುಗಳಲ್ಲಿ ಹಲವದರಲ್ಲಿ ಈ ಜೀನ್ ಇರುವ ಜಾಗ ಮುರಿದು ಬೇರೆ ಕಡೆ ಜೋಡಣೆಯಾಗಿರುತ್ತದೆ. ಗರ್ಭಕೋಶದ ಕೆಲವು ಫೈಬ್ರಾಯ್ಡ್‌ಗಳಲ್ಲೂ ಅದೇ ಜಾಗ ಮುರಿದಿರುತ್ತದೆ. ಒಂದೇ ಜೀನಿನ ಎಡವಟ್ಟು ಒಂದು ಕಡೆ ಕೊಬ್ಬಿನ ಗಂಟಾಗಿ, ಇನ್ನೊಂದು ಕಡೆ ಸ್ನಾಯುವಿನ ಗಂಟಾಗಿ ಬೆಳೆಯುತ್ತದೆ ಎಂದರೆ ಇವೆರಡೂ ಒಂದೇ ಗಡ್ಡೆಯಲ್ಲಿ ಜೊತೆಯಾಗುವುದು ಅಷ್ಟೇನೂ ವಿಚಿತ್ರವಲ್ಲ ಎಂದು ನನಗೆ ಅನಿಸುತ್ತದೆ.

ಇದು ಹೆಚ್ಚಾಗಿ ಕಾಣಿಸುವುದು ಮುಟ್ಟು ನಿಲ್ಲುವ ಹೊತ್ತಿಗೆ ಅಥವಾ ನಿಂತ ಮೇಲೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ ದೇಹ ಕೊಬ್ಬನ್ನು ನಿಭಾಯಿಸುವ ರೀತಿ ಬದಲಾಗುತ್ತದೆ, ಅದರ ಪಾಲೂ ಇರಬೇಕು ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದು ಇಂಥ ಹೆಂಗಸರಲ್ಲಿ ಜೊತೆಗೆ ಕಂಡುಬಂದದ್ದು ಕೆಲವು ವರದಿಗಳಲ್ಲಿ ಇದೆ. ಜೊತೆಗೆ ಕಂಡಿತು ಎಂದ ಮಾತ್ರಕ್ಕೆ ಅದರಿಂದಲೇ ಬಂತು ಎಂದಾಗುವುದಿಲ್ಲ. ಅರವತ್ತರ ವಯಸ್ಸಿನಲ್ಲಿ ಈ ಕಾಯಿಲೆಗಳು ಯಾರಲ್ಲಿ ಇಲ್ಲ?

ವಯಸ್ಸಿನ ಈ ಲೆಕ್ಕದಲ್ಲೇ ಗೊಂದಲದ ಬೇರು ಇರುವುದು. ಸಾಮಾನ್ಯ ಫೈಬ್ರಾಯ್ಡ್‌ಗೆ ಈಸ್ಟ್ರೋಜನ್ನೇ ಗೊಬ್ಬರ. ಮುಟ್ಟು ನಿಂತ ಮೇಲೆ ಅದು ಬತ್ತುತ್ತದೆ. ಹಾಗಿರುವಾಗ ಅರವತ್ತರಲ್ಲಿ ಗಡ್ಡೆ ದೊಡ್ಡದಾಗುತ್ತಿದೆ ಎಂದರೆ ಡಾಕ್ಟರಿಗೆ ಮೊದಲು ನೆನಪಾಗುವುದು ಸಾರ್ಕೋಮಾ, ಸ್ನಾಯುವಿನ ಕ್ಯಾನ್ಸರ್. ನೆನಪಾಗಲೇಬೇಕು. ಲೈಪೋಲಿಯೋಮಯೋಮಾ ಮುಟ್ಟು ನಿಂತ ಮೇಲೂ ಬೆಳೆಯಬಲ್ಲ ನಿರಪಾಯಕಾರಿ ಗಡ್ಡೆ. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ, ಯಾವುದು ಯಾವುದೆಂದು ಬಿಡಿಸುವುದೇ ಪತ್ತೆಯ ಕೆಲಸ.

ಆ ಕೆಲಸವನ್ನು ನಾನು ಅಕ್ಕನಿಗೆ ಹೇಳಿದ್ದು ಹೀಗೆ. ಗಡ್ಡೆಯನ್ನು ಮೂರು ಪ್ರಶ್ನೆ ಕೇಳಬೇಕು: ನಿನ್ನೊಳಗೆ ಇರುವುದು ಕೊಬ್ಬೇ? ನೀನು ಹುಟ್ಟಿದ ಮನೆ ಯಾವುದು? ನಿನ್ನಲ್ಲಿ ಇರುವ ಜೀವಕೋಶಗಳೆಲ್ಲ ಬಲಿತವೇ? ಮೊದಲ ಎರಡಕ್ಕೆ ಸ್ಕ್ಯಾನ್ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಖಚಿತವಾದ ಉತ್ತರ ಸಿಗುವುದು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ.

ಸೋನೋಗ್ರಾಫಿಯಲ್ಲಿ ಯಂತ್ರ ಶಬ್ದ ಕಳಿಸಿ ಅದರ ಪ್ರತಿಧ್ವನಿ ಕೇಳಿಸಿಕೊಳ್ಳುತ್ತದೆ. ಒಂದೇ ರೀತಿಯ ವಸ್ತುವಿನೊಳಗೆ ಶಬ್ದ ನೇರ ಸಾಗುತ್ತದೆ; ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುವ ಗಡಿಯಲ್ಲಿ ಸ್ವಲ್ಪ ಭಾಗ ವಾಪಸು ಬರುತ್ತದೆ. ಮೈಯ ಮೆದು ಭಾಗಗಳಲ್ಲಿ ಶಬ್ದದ ವೇಗ ಸರಾಸರಿ ಸೆಕೆಂಡಿಗೆ 1540 ಮೀಟರ್, ಕೊಬ್ಬಿನಲ್ಲಿ 1450ರ ಆಸುಪಾಸು. ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಹಂಚಿಹೋಗಿದ್ದರೆ ಒಳಗೆ ಸಾವಿರಾರು ಗಡಿಗಳು, ಪ್ರತಿಯೊಂದು ಗಡಿಯಲ್ಲೂ ಪ್ರತಿಧ್ವನಿ. ಅದಕ್ಕೇ ಈ ಗಡ್ಡೆ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ, ಶಬ್ದ ಅಲ್ಲೇ ಖರ್ಚಾಗಿ ಅದರ ಹಿಂದಿನ ಭಾಗ ಮಸುಕಾಗುತ್ತದೆ. ಸಾಮಾನ್ಯ ಫೈಬ್ರಾಯ್ಡ್ ಹೆಚ್ಚಾಗಿ ಸುತ್ತಲಿಗಿಂತ ಕಪ್ಪಗೆ ಕಾಣುತ್ತದೆ. ಇನ್ನೊಂದು ಗುರುತು ಬಿಳಿಯ ಸುತ್ತ ಇರುವ ತೆಳು ಕಪ್ಪು ಅಂಚು. ಅದು ಗಡ್ಡೆ ಬೆಳೆಯುತ್ತಾ ಹೊರಗೆ ಒತ್ತಿದ ಗರ್ಭಕೋಶದ ಸ್ನಾಯು. ಆ ಅಂಚು ಪೂರ್ತಿ ಸುತ್ತಿಕೊಂಡು ಕಂಡರೆ ಗಡ್ಡೆ ಗರ್ಭಕೋಶದ ಗೋಡೆಯೊಳಗೇ ಇದೆ ಎನ್ನಲು ಒಳ್ಳೆಯ ಸಾಕ್ಷಿ. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಒಳಗೆ ಹೆಚ್ಚು ಓಡಾಟ ಕಾಣುವುದಿಲ್ಲ.

ಬೆಳ್ಳಗೆ ಇದ್ದದ್ದೆಲ್ಲ ಕೊಬ್ಬಲ್ಲ, ಅಲ್ಲೇ ಸೋನೋಗ್ರಾಫಿ ನಿಲ್ಲುತ್ತದೆ. ಸಿಟಿ ಸ್ಕ್ಯಾನ್ ಇದನ್ನು ಅಂಕಿಯಲ್ಲಿ ಹೇಳುತ್ತದೆ. ಹೌನ್ಸ್‌ಫೀಲ್ಡ್ ಎಂಬ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ಕೊಬ್ಬು ಸುಮಾರು ಮೈನಸ್ 30ರಿಂದ ಮೈನಸ್ 120ರೊಳಗೆ ಬರುತ್ತದೆ. ಸ್ನಾಯು ಸೊನ್ನೆಗಿಂತ ಮೇಲೆ. ಗಡ್ಡೆಯ ಮೇಲೆ ಕರ್ಸರ್ ಇಟ್ಟು ಮೈನಸ್ 90 ಬಂತು ಎಂದರೆ ಅಲ್ಲಿ ಕೊಬ್ಬಿದೆ, ವಾದವಿಲ್ಲ.

ಎಂಆರ್‌ಐ ಮಾಡುವ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ. ಟಿ1 ಎಂಬ ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಕಾಣುತ್ತದೆ. ಆದರೆ ಹಳೆಯ ರಕ್ತವೂ ಬೆಳ್ಳಗೇ ಕಾಣುತ್ತದೆ: ಅಂಡಾಶಯದ ಚಾಕೊಲೇಟ್ ಸಿಸ್ಟ್, ಒಳಗೆ ರಕ್ತ ಇಳಿದ ಫೈಬ್ರಾಯ್ಡ್ ಇವೆಲ್ಲ ಹಾಗೇ ಮೋಸ ಮಾಡುತ್ತವೆ. ಕೊಬ್ಬಿನಲ್ಲಿರುವ ಹೈಡ್ರೋಜನ್ ಮತ್ತು ನೀರಿನಲ್ಲಿರುವ ಹೈಡ್ರೋಜನ್ ಆಯಸ್ಕಾಂತದೊಳಗೆ ಒಂದೇ ಶ್ರುತಿಯಲ್ಲಿ ಮಿಡಿಯುವುದಿಲ್ಲ. 1.5 ಟೆಸ್ಲಾ ಯಂತ್ರದಲ್ಲಿ ಎರಡರ ನಡುವೆ ಸುಮಾರು 220 ಹರ್ಟ್ಸ್ ವ್ಯತ್ಯಾಸ. ಆ ವ್ಯತ್ಯಾಸವನ್ನೇ ಹಿಡಿದು ಕೊಬ್ಬಿನ ದನಿಯನ್ನಷ್ಟೇ ಅಡಗಿಸಿ ಅದೇ ಚಿತ್ರವನ್ನು ಇನ್ನೊಮ್ಮೆ ತೆಗೆಯುತ್ತಾರೆ. ಮೊದಲ ಚಿತ್ರದಲ್ಲಿ ಬೆಳ್ಳಗಿದ್ದದ್ದು ಎರಡನೆಯದರಲ್ಲಿ ಕಪ್ಪಾದರೆ ಅದು ಕೊಬ್ಬು. ಬೆಳ್ಳಗೇ ಉಳಿದರೆ ರಕ್ತ. ಅಕ್ಕನ ಎಂಆರ್‌ಐ ಫಿಲ್ಮನ್ನು ನಮ್ಮ ಮನೆಯ ಟ್ಯೂಬ್‌ಲೈಟಿಗೆ ಹಿಡಿದು, ಎರಡು ಚೌಕಗಳನ್ನು ಪಕ್ಕಪಕ್ಕ ತೋರಿಸಿದೆ. ಒಂದರಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಗುಂಡನೆಯ ಬಿಳಿ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಕಪ್ಪು, ನಡುವೆ ಬೂದು ಎಳೆಗಳು. ಆ ಎಳೆಗಳೇ ಸ್ನಾಯು. ಅಕ್ಕ ತುಂಬಾ ಹೊತ್ತು ನೋಡಿದರು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಎರಡನೆಯದು ಹುಟ್ಟಿದ ಮನೆಯದು, ಮತ್ತು ಪತ್ತೆಯಲ್ಲಿ ಹೆಚ್ಚು ಎಡವುವುದು ಇಲ್ಲೇ. ಹೆಂಗಸರ ಕಿಬ್ಬೊಟ್ಟೆಯಲ್ಲಿ ಕೊಬ್ಬಿರುವ ಗಡ್ಡೆ ಎಂದರೆ ಹೆಚ್ಚಿನ ಡಾಕ್ಟರುಗಳ ಬಾಯಿಗೆ ಮೊದಲು ಬರುವುದು ಅಂಡಾಶಯದ ಡರ್ಮಾಯ್ಡ್. ಅದು ಬಹಳ ಸಾಮಾನ್ಯ. ಒಳಗೆ ಜಿಡ್ಡು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಹೆಚ್ಚಾಗಿ ಹರೆಯದವರಲ್ಲಿ ಕಂಡರೂ ವಯಸ್ಸಾದವರಲ್ಲಿ ಇರಬಾರದೆಂದಿಲ್ಲ. ಡರ್ಮಾಯ್ಡ್ ಇದ್ದರೆ ಅಂಡಾಶಯ ತಿರುಚಿಕೊಂಡು ತಡೆಯಲಾರದ ನೋವು ಬರುವ ಭಯ ಇರುತ್ತದೆ, ಹಾಗಾಗಿ ಸಾಮಾನ್ಯವಾಗಿ ತೆಗೆಯುತ್ತಾರೆ. ಲೈಪೋಲಿಯೋಮಯೋಮಾಗೆ ಆ ಅವಸರ ಇಲ್ಲ. ಎರಡನ್ನೂ ಬೇರ್ಪಡಿಸಲು ಎರಡೂ ಅಂಡಾಶಯಗಳು ಗಡ್ಡೆಯಿಂದ ದೂರ, ತಮ್ಮ ಪಾಡಿಗೆ ತಾವು ಇವೆಯೇ ಎಂದು ಹುಡುಕಬೇಕು. ಮುಟ್ಟು ನಿಂತವರಲ್ಲಿ ಅಂಡಾಶಯ ಸುರುಟಿ ಚಿಕ್ಕದಾಗಿರುತ್ತದೆ, ಸೋನೋಗ್ರಾಫಿಯಲ್ಲಿ ಕೈಗೆ ಸಿಗುವುದೇ ಕಷ್ಟ. ಎಂಆರ್‌ಐಯಲ್ಲಿ ಗಡ್ಡೆಗೆ ರಕ್ತ ಎಲ್ಲಿಂದ ಬರುತ್ತಿದೆ, ಗರ್ಭಕೋಶದಿಂದ ನಾಳಗಳು ಸೇತುವೆಯ ಹಾಗೆ ಅದರೊಳಗೆ ದಾಟುತ್ತಿವೆಯೇ, ಗರ್ಭಕೋಶದ ಸ್ನಾಯು ಗಡ್ಡೆಯನ್ನು ಅಪ್ಪಿ ಹಿಡಿದಿದೆಯೇ ಎಂದು ನೋಡುತ್ತಾರೆ. ಗರ್ಭಕೋಶದ ಹೊರಗೋಡೆಯಿಂದ ತೊಟ್ಟಿನ ಮೇಲೆ ಹಣ್ಣು ನೇತಾಡಿದ ಹಾಗೆ ಬೆಳೆದ ಗಡ್ಡೆಯಾದರೆ ಆ ತೊಟ್ಟನ್ನು ಹುಡುಕದೆ ಬಿಡಿಸಲಾಗದು. ಅಕ್ಕನದು ಹಾಗಿರಲಿಲ್ಲ. ಗೋಡೆಯ ಒಳಗೇ ಇತ್ತು, ಎರಡೂ ಅಂಡಾಶಯ ಬೇರೆ ಕಂಡವು. ಗಾತ್ರ ಒಂಬತ್ತು ಸೆಂಟಿಮೀಟರ್.

ಭಯಪಡಬೇಕಾದ ಹೆಸರೊಂದು ಉಳಿಯಿತು: ಲೈಪೋಸಾರ್ಕೋಮಾ, ಕೊಬ್ಬಿನ ಕ್ಯಾನ್ಸರ್. ಅದು ಹೆಚ್ಚಾಗಿ ತೊಡೆಯಲ್ಲಿ, ಇಲ್ಲವೇ ಹೊಟ್ಟೆಯ ಹಿಂಭಾಗದಲ್ಲಿ ಮೂತ್ರಪಿಂಡದ ಸುತ್ತಮುತ್ತ ಹುಟ್ಟುತ್ತದೆ. ಗರ್ಭಕೋಶದಲ್ಲೇ ಹುಟ್ಟಿದ್ದು ಬಹಳ ಬಹಳ ಅಪರೂಪ. ಅಂಚು ಅಸ್ಪಷ್ಟವಾಗಿರುವುದು, ಪಕ್ಕದ ಅಂಗಗಳೊಳಗೆ ನುಗ್ಗುವುದು, ಒಳಗೆ ದಪ್ಪ ಗೋಡೆಗಳು, ಕೊಬ್ಬಿಲ್ಲದ ಗಟ್ಟಿ ಗಂಟುಗಳಿದ್ದು ಅವು ಬಣ್ಣದ ಇಂಜೆಕ್ಷನ್ ಕೊಟ್ಟಾಗ ಹೊಳೆಯುವುದು, ಇವೆಲ್ಲ ಅನುಮಾನಕ್ಕೆ ಕಾರಣ. ಸ್ಕ್ಯಾನ್‌ನಲ್ಲಿ ಇವು ಇಲ್ಲದಿದ್ದರೆ ಡಾಕ್ಟರಿಗೂ ಸಮಾಧಾನ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದಕ್ಕೆ ಗಡ್ಡೆಯೇ ಕಾರಣ ಎಂದು ಸುಮ್ಮನಿರಬಾರದು. ಹಾಗೆ ರಕ್ತ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ತೂಕ ಹೆಚ್ಚಿರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಈಸ್ಟ್ರೋಜನ್ ತಯಾರಿಸುತ್ತದೆ, ಅದು ಒಳಪದರವನ್ನು ಕೆಣಕುತ್ತಲೇ ಇರುತ್ತದೆ. ಸ್ಕ್ಯಾನ್‌ನಲ್ಲಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಒಳಪದರದ ಬಯಾಪ್ಸಿ ಆಗಬೇಕು. ಕೊಬ್ಬಿನ ಗಡ್ಡೆಯೂ ಕ್ಯಾನ್ಸರೂ ಒಂದೇ ಗರ್ಭಕೋಶದಲ್ಲಿ ಜೊತೆಗೆ ಸಿಕ್ಕ ಉದಾಹರಣೆಗಳಿವೆ. ಊರಿನ ಹೆಂಗಸರು ಇದನ್ನು ಯಾರಿಗೂ ಹೇಳದೆ ಬಟ್ಟೆ ಒಗೆದು ಮುಗಿಸುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹೇಳಿ. ಸೊಸೆಗಾದರೂ ಹೇಳಿ.

ಗರ್ಭಕೋಶದ ಗಡ್ಡೆ ಎಂದ ಕೂಡಲೇ ತೆಗೆಸಿಬಿಡೋಣ ಎನ್ನುವ ಇನ್ನೊಂದು ತುದಿಯೂ ಇದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದರು ಎಂಬುದು 2019ರಲ್ಲಿ ಬಯಲಾಯಿತು, ಸರಕಾರ ತನಿಖೆಗೆ ಸಮಿತಿ ಹಾಕಿತು. ಅವರಲ್ಲಿ ಹಲವರ ಬದುಕಿನಲ್ಲಿ ಮುಟ್ಟಿನ ದಿನದ ರಜೆ ಎಂದರೆ ದಂಡ, ಗಡ್ಡೆ ಎಂದರೆ ಕ್ಯಾನ್ಸರಿನ ಭಯ. ಆ ಸುದ್ದಿ ಓದಿದ ದಿನಗಳಲ್ಲಿ ನಮ್ಮ ಮೇಜಿಗೆ ಬರುವ ಡಬ್ಬಗಳ ಮೇಲಿನ ವಯಸ್ಸನ್ನು ಎರಡೆರಡು ಸಲ ಓದುತ್ತಿದ್ದೆ. ಲೈಪೋಲಿಯೋಮಯೋಮಾದ ವಿಷಯಕ್ಕೆ ಬಂದರೆ ನಿಯಮ ಸರಳ: ಸ್ಕ್ಯಾನ್‌ನಲ್ಲಿ ಗುರುತು ಸ್ಪಷ್ಟ, ತೊಂದರೆ ಏನೂ ಇಲ್ಲ ಎಂದಾದರೆ ಶಸ್ತ್ರಚಿಕಿತ್ಸೆ ಬೇಡ, ಡಾಕ್ಟರು ಹೇಳಿದ ಅವಧಿಗೊಮ್ಮೆ ಸೋನೋಗ್ರಾಫಿ ಸಾಕು. ಗಡ್ಡೆ ಮೂತ್ರಕೋಶವನ್ನೋ ಕರುಳನ್ನೋ ಒತ್ತುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ಬೇಗ ಬೆಳೆಯುತ್ತಿದ್ದರೆ, ಅಥವಾ ಸ್ಕ್ಯಾನ್ ನೋಡಿಯೂ ಅನುಮಾನ ಉಳಿದರೆ ತೆಗೆಯಬೇಕು. ಇದನ್ನು ಕರಗಿಸುವ ಮಾತ್ರೆ ಇಲ್ಲ, ಕಷಾಯ ಇಲ್ಲ. ಉಪವಾಸ ಮಾಡಿದರೆ ಹೊಟ್ಟೆ ಕರಗೀತು, ಈ ಗಡ್ಡೆ ಕರಗುವುದಿಲ್ಲ.

ತೆಗೆಯುವುದೇ ಆದರೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ಗಡ್ಡೆಯನ್ನು ಇಡಿಯಾಗಿ ತೆಗೆಯುತ್ತೀರಾ, ಒಳಗೇ ಚೂರು ಮಾಡಿ ತೆಗೆಯುತ್ತೀರಾ? ಚಿಕ್ಕ ರಂಧ್ರದ ಲ್ಯಾಪರೋಸ್ಕೋಪಿಯಲ್ಲಿ ದೊಡ್ಡ ಗಡ್ಡೆಯನ್ನು ಹೊರತರಲು ಮಾರ್ಸೆಲೇಟರ್ ಎಂಬ ತಿರುಗುವ ಯಂತ್ರದಿಂದ ಅರೆದು ತೆಗೆಯುವ ಪದ್ಧತಿ ಇತ್ತು. ಫೈಬ್ರಾಯ್ಡ್ ಎಂದುಕೊಂಡು ಶಸ್ತ್ರಚಿಕಿತ್ಸೆಗೆ ಹೋಗುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಒಳಗೆ ಸಾರ್ಕೋಮಾ ಅಡಗಿರಬಹುದು, ಅರೆದರೆ ಅದು ಹೊಟ್ಟೆಯೆಲ್ಲ ಹರಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಮುಟ್ಟು ನಿಂತ ಹೆಂಗಸರಲ್ಲಿ ಇದನ್ನು ಬಳಸಬಾರದೆಂದು ಅದೇ ವರ್ಷದ ಕೊನೆಗೆ ಹೇಳಿತು. ಕೊಬ್ಬಿನ ಗಡ್ಡೆ ಬರುವುದೂ ಅದೇ ವಯಸ್ಸಿನಲ್ಲಿ. ಇಡಿಯಾಗಿ ಬಂದ ಗಡ್ಡೆ ನಮ್ಮ ಮೇಜಿನ ಮೇಲೆ ತನ್ನ ಕಥೆಯನ್ನು ಪೂರ್ತಿ ಹೇಳುತ್ತದೆ; ಚೂರುಚೂರಾಗಿ ಬಂದದ್ದರಲ್ಲಿ ಅಂಚು ಎಲ್ಲಿ, ನಡು ಎಲ್ಲಿ ಎಂದು ಹುಡುಕುವುದೇ ಅರ್ಧ ದಿನದ ಕೆಲಸ.

ಮೇಜಿನ ಮೇಲೆ ಏನಾಗುತ್ತದೆ ಎಂದು ಹೇಳುತ್ತೇನೆ, ಇದು ನನ್ನ ಮನೆ. ಗಡ್ಡೆಯಿಂದ ತೆಗೆದ ಚೂರು ಮೂರು ಮಿಲಿಮೀಟರ್‌ಗಿಂತ ದಪ್ಪ ಇರದ ಹಾಗೆ ನೋಡಿಕೊಳ್ಳುತ್ತೇವೆ. ಕೊಬ್ಬಿನೊಳಗೆ ಫಾರ್ಮಲಿನ್ ನಿಧಾನಕ್ಕೆ ಇಳಿಯುತ್ತದೆ. ದಪ್ಪ ಚೂರು ಹಾಕಿದರೆ, ಆತುರ ಮಾಡಿದರೆ, ನಡುವೆ ಹಸಿ ಉಳಿಯುತ್ತದೆ. ಆಮೇಲೆ ಒಂದರ ಹಿಂದೆ ಒಂದು ಆಲ್ಕೊಹಾಲ್, ಕ್ಸೈಲೀನ್, ಕೊನೆಗೆ ಕರಗಿದ ಮೇಣ. ಮೇಣದ ಅಚ್ಚು ಗಟ್ಟಿಯಾದ ಮೇಲೆ ಮೈಕ್ರೋಟೋಮ್‌ನಲ್ಲಿ ಮೂರು-ನಾಲ್ಕು ಮೈಕ್ರಾನ್ ತೆಳುವಿನ ಎಲೆ ಎಳೆದು ಬೆಚ್ಚಗಿನ ನೀರಿನ ಮೇಲೆ ಬಿಡುತ್ತೇವೆ. ಹಸಿ ಉಳಿದ ಕೊಬ್ಬಾದರೆ ನೀರು ಮುಟ್ಟಿದ ಕ್ಷಣ ಆ ಎಲೆ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ಚೆನ್ನಾಗಿ ಆದದ್ದು ಹಾಗೇ ಹರಡಿ ನಿಲ್ಲುತ್ತದೆ. ಉಸಿರು ಬಿಗಿಹಿಡಿದು ಗಾಜಿನ ಮೇಲೆ ಎತ್ತಿಕೊಳ್ಳಬೇಕು.

ಬಣ್ಣ ಹಾಕಿ ನೋಡಿದರೆ, ಕೊಬ್ಬು ಅಲ್ಲಿ ಇರುವುದೇ ಇಲ್ಲ. ಆಲ್ಕೊಹಾಲ್ ಮತ್ತು ಕ್ಸೈಲೀನ್ ಅದನ್ನು ಕರಗಿಸಿ ಒಯ್ದಿರುತ್ತವೆ. ಉಳಿಯುವುದು ಕೊಬ್ಬಿದ್ದ ಖಾಲಿ ಕೋಣೆಗಳು: ಜೇನುಗೂಡಿನ ಹಾಗೆ ಒಂದರ ಪಕ್ಕ ಒಂದು ಬಿಳಿ ವೃತ್ತ, ತೆಳು ಗೋಡೆ, ಗೋಡೆಗೆ ಒತ್ತಿಕೊಂಡ ಚಪ್ಪಟೆ ಬೀಜ, ಅಂದರೆ ಜೀವಕೋಶದ ನ್ಯೂಕ್ಲಿಯಸ್. ಅವುಗಳ ನಡುವೆ ಗುಲಾಬಿ ಬಣ್ಣದ ಸ್ನಾಯುವಿನ ಎಳೆಗಳು, ಅವುಗಳ ಬೀಜ ಬೀಡಿಯ ಹಾಗೆ ಉದ್ದಕ್ಕೆ, ಎರಡೂ ತುದಿ ಮೊಂಡು. ಪೆಥಾಲಜಿಸ್ಟ್ ಇಲ್ಲಿ ಮೂರನೇ ಪ್ರಶ್ನೆ ಕೇಳುತ್ತಾರೆ. ಬಿಳಿ ಕೋಣೆಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರವೇ? ಬೀಜಗಳು ಸಣ್ಣಗೆ, ಸೌಮ್ಯವಾಗಿವೆಯೇ? ಕೊಬ್ಬಿನ ಹನಿಗಳು ಬೀಜವನ್ನು ಕಚ್ಚಿ ಹಿಡಿದ ಬಲಿಯದ ಕೋಶಗಳು, ಅಂದರೆ ಲೈಪೋಬ್ಲಾಸ್ಟ್‌ಗಳು ಇವೆಯೇ? ಸ್ನಾಯುವಿನ ಕೋಶಗಳು ಒಡೆದು ಎರಡಾಗುತ್ತಿರುವುದು ಎಷ್ಟು ಕಡೆ ಕಾಣುತ್ತದೆ? ಸತ್ತ ಭಾಗ ಇದೆಯೇ? ಅನುಮಾನ ಇದ್ದರೆ ವಿಶೇಷ ಬಣ್ಣಗಳಿವೆ: ಡೆಸ್ಮಿನ್ ಸ್ನಾಯುವನ್ನು ಹಿಡಿಯುತ್ತದೆ, ಎಸ್-100 ಕೊಬ್ಬಿನ ಕೋಶವನ್ನು, ಎಚ್‌ಎಮ್‌ಬಿ-45 ಹಿಡಿಯದಿದ್ದರೆ ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಕಲೆತ ಆಂಜಿಯೋಮಯೋಲೈಪೋಮಾ ಎಂಬ ಇನ್ನೊಂದು ಗಡ್ಡೆ ಅಲ್ಲ ಎನ್ನಲು ಬಲ ಬರುತ್ತದೆ, ಎಮ್‌ಡಿಎಮ್2 ಲೈಪೋಸಾರ್ಕೋಮಾವನ್ನು ದೂರವಿಡಲು ನೆರವಾಗುತ್ತದೆ. ಹೆಚ್ಚಿನ ಸಲ ಸಾಮಾನ್ಯ ಬಣ್ಣವೇ ಸಾಕು.

ಈ ಮೇಣದ ಅಚ್ಚಿಗೆ ಬ್ಲಾಕ್ ಎನ್ನುತ್ತೇವೆ. ಪ್ರಯೋಗಾಲಯ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡಿರುತ್ತದೆ. ಎರಡನೇ ಅಭಿಪ್ರಾಯ ಬೇಕಾದವರು ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯಬಹುದು. ಪರೇಲ್‌ನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಮೆಮೊರಿಯಲ್ ಆಸ್ಪತ್ರೆಗೆ ಕರ್ನಾಟಕದಿಂದಲೂ ಜನ ರಾತ್ರಿ ಬಸ್ಸು ಹತ್ತಿ ಈ ಅಚ್ಚುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬರುತ್ತಾರೆ. ಹಾಗೆ ತರುವವರು ಬಿಸಿಲಿಗೆ ಇಡಬೇಡಿ, ಮೇಣ ಕರಗುತ್ತದೆ.

ಅಕ್ಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಭಯಕ್ಕಲ್ಲ. ಗಡ್ಡೆ ಮೂತ್ರಕೋಶದ ಮೇಲೆ ಕೂತು, ಡೊಂಬಿವಲಿಯಿಂದ ಮಾಟುಂಗದ ಮಗಳ ಮನೆಗೆ ಹೋಗುವಷ್ಟರಲ್ಲಿ ಎರಡು ಸಲ ಇಳಿಯಬೇಕಾಗುತ್ತಿತ್ತು, ಸ್ಟೇಷನ್ನಿನ ಶೌಚಾಲಯ ಹುಡುಕಿ ಹುಡುಕಿ ಸಾಕಾಗಿ ಎರಡು ವರ್ಷದಿಂದ ಮದುವೆ ಮುಂಜಿಗೂ ಹೋಗುವುದನ್ನು ಬಿಟ್ಟಿದ್ದರು. ಗರ್ಭಕೋಶವನ್ನು ಇಡಿಯಾಗಿ ತೆಗೆದರು. ಡಬ್ಬ ನಮ್ಮ ಪ್ರಯೋಗಾಲಯಕ್ಕೆ ಬರಲಿಲ್ಲ, ಬೇರೆ ಕಡೆ ಹೋಯಿತು. ಎಂಟನೇ ದಿನ ವರದಿ ಬಂತು. ಅಕ್ಕ ಅದನ್ನು ಓದಿಸಿಕೊಳ್ಳಲು ಮತ್ತೆ ಅದೇ ಕುರ್ಚಿಯಲ್ಲಿ ಬಂದು ಕೂತರು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ: ಕೊಯ್ದ ಭಾಗ ಹಳದಿ, ಮೆತ್ತಗಿದೆ, ಅಂಚು ಸ್ಪಷ್ಟ. ಬಲಿತ ಕೊಬ್ಬು ಮತ್ತು ನುಣುಪು ಸ್ನಾಯು. ಲೈಪೋಬ್ಲಾಸ್ಟ್ ಇಲ್ಲ, ಸತ್ತ ಭಾಗ ಇಲ್ಲ. ಒಳಪದರ ತೆಳುವಾಗಿದೆ, ತೊಂದರೆ ಇಲ್ಲ. ಲೈಪೋಲಿಯೋಮಯೋಮಾ. ಈ ಸಲ ಹೆಸರಿನ ಪಕ್ಕ ಪ್ರಶ್ನೆಗುರುತು ಇರಲಿಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಕೇಳಿದರು, “ನನ್ನದು ತೇಲಿತಾ?”

ಅದನ್ನು ವರದಿಯಲ್ಲಿ ಬರೆಯುವುದಿಲ್ಲ ಅಕ್ಕ, ಎಂದೆ. ಆದರೆ ಹಳದಿ ಎಂದು ಬರೆದಿದ್ದಾರೆ, ತೇಲಿರಲೇಬೇಕು.